ಅಂಚೆಯ ಓಟ



ನಿವೃತ್ತನಾದ ಕನ್ನಡ ಅಧ್ಯಾಪಕನಿಂದ ಲೋಕವು ನಿರೀಕ್ಷಿಸುವ ಕೆಲಸಗಳು ಕೆಲವಿವೆ. ಆತ ತನ್ನ ಹಳೆಯ ಟಿಪ್ಪಣಿಗಳನ್ನು ಪುಸ್ತಕವಾಗಿಸಬಹುದು. ಗಮಕ ವಾಚನಕ್ಕೆ ವ್ಯಾಖ್ಯಾನ ಹೇಳಬಹುದು. ಮದುವೆಯ ಕರೆಯೋಲೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ಹುಡುಕುತ್ತ ಸಂಜೆಗಳನ್ನು ಕಳೆಯಬಹುದು. ಈ ಮೂರನ್ನೂ ನಾನು ಯಥಾಶಕ್ತಿ ಮಾಡಿದ್ದೇನೆ. ಆದರೆ ಅರವತ್ತೈದನೆಯ ವಯಸ್ಸಿನಲ್ಲಿ ತಲೆಗೆ ಹೆಲ್ಮೆಟ್ಟು ಕಟ್ಟಿಕೊಂಡು, ಮೊಣಕಾಲಿಗೆ ಪಟ್ಟಿ ಬಿಗಿದು, ಕಾಫಿ ತೋಟದ ಕೆಸರುದಾರಿಯಲ್ಲಿ ಸೈಕಲ್ ಪಂದ್ಯಕ್ಕೆ ನಿಂತದ್ದು ಮಾತ್ರ ಈ ಯಾದಿಗೆ ಸೇರದ ಕೆಲಸ. ಆ ಪಂದ್ಯದಲ್ಲಿ ನಾವು ಗೆಲ್ಲಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಸಂಗತಿ ಬೇರೆ ಇದೆ.

ನನ್ನ ತಲೆಮಾರಿನವರಿಗೆ ಸೈಕಲ್ಲು ಆಟದ ಸಾಮಾನಾಗಿರಲಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದು, ಸೀಟಿಗೆ ಕಾಲು ಎಟುಕದೆ ಒಳಪೆಡಲು ತುಳಿದು, ಮಂಡಿ ಕೆತ್ತಿಸಿಕೊಂಡು ಕಲಿತ ವಿದ್ಯೆ ಅದು. ಮುಂದೆ ಕಾಲೇಜಿಗೆ ಪಾಠ ಹೇಳಲು ಹೋಗುವಾಗಲೂ ಹಲವು ವರ್ಷ ಅದೇ ನನ್ನ ವಾಹನ. ಕ್ಯಾರಿಯರಿನಲ್ಲಿ ಪಂಪಭಾರತ, ಹ್ಯಾಂಡಲಿಗೆ ತರಕಾರಿ ಚೀಲ. ಸ್ಕೂಟರು ಬಂದ ಮೇಲೆ ಸೈಕಲ್ಲು ಅಟ್ಟ ಸೇರಿತು. 2018ರಲ್ಲಿ ನಾನು ನಿವೃತ್ತನಾದಾಗ ರಕ್ತದ ಸಕ್ಕರೆಯನ್ನು ಕಂಡ ವೈದ್ಯರು ಅದನ್ನು ಅಟ್ಟದಿಂದ ಇಳಿಸಿದರು ಎನ್ನಬೇಕು.

ಸೈಕಲ್ಲಿನ ಚರಿತ್ರೆ ಎಡವಿ ಎದ್ದವರ ಚರಿತ್ರೆ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಗಾಲಿಗಳ ಮರದ ವಾಹನವೊಂದನ್ನು ಓಡಿಸಿದ. ಅದಕ್ಕೆ ಪೆಡಲೂ ಇಲ್ಲ, ಚೈನೂ ಇಲ್ಲ. ಸವಾರನು ನಡುವೆ ಕುಳಿತು ನೆಲವನ್ನು ಕಾಲಿನಿಂದ ಒದೆಯುತ್ತ ಮುಂದೆ ಸಾಗಬೇಕು. ನಾವಿಂದು ಕಾಣುವ, ಎರಡು ಸಮನಾದ ಗಾಲಿಗಳೂ ಹಿಂಗಾಲಿಗೆ ಚೈನೂ ಇರುವ ರೂಪವನ್ನು ಗಟ್ಟಿಗೊಳಿಸಿದ್ದು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ. ಮೂರು ವರ್ಷಗಳ ಬಳಿಕ ಡನ್‌ಲಪ್ ಅದಕ್ಕೆ ಗಾಳಿಯ ಟೈರನ್ನು ಕೊಟ್ಟ. ಜೊತೆಗೆ, ಪಂಕ್ಚರನ್ನೂ ಕೊಟ್ಟ.

ಬೆಟ್ಟದ ಸೈಕಲ್ಲಿನ ಕಥೆ ಇನ್ನೂ ಈಚಿನದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದ ಕಚ್ಚಾದಾರಿಯಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಅವರು ನಡೆಸಿದ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕಡಿದಾದ ಇಳಿತದಲ್ಲಿ ಅದು ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು; ಒಮ್ಮೆ ಇಳಿದ ಮೇಲೆ ಗಾಲಿಯ ಗುಂಬವನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ಮತ್ತೆ ತುಂಬುವುದಕ್ಕೇ ‘ರೀಪ್ಯಾಕ್’ ಎಂದರು. ಕೆಟ್ಟುಹೋದುದನ್ನು ಮತ್ತೆ ಸರಿಪಡಿಸುವ ಕೆಲಸದ ಹೆಸರನ್ನೇ ಪಂದ್ಯಕ್ಕಿಟ್ಟ ಆ ತರುಣರ ವಿನೋದ ನನಗೆ ಹಿಡಿಸಿತು. ಆ ವಿನೋದವೇ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನವರೆಗೆ ಹೋಯಿತು. 1999ರಿಂದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ತಂಡಗಳ ರಿಲೇ ಪಂದ್ಯವೂ ಸೇರಿತು. ಒಬ್ಬರು ಒಂದು ಸುತ್ತು ಮುಗಿಸಿ ಇನ್ನೊಬ್ಬರಿಗೆ ಸರದಿಯನ್ನು ಒಪ್ಪಿಸುವುದು ಅದರ ಕ್ರಮ.

ರಿಲೇ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು? ಅಭ್ಯಾಸಬಲದಿಂದ ನಾನು ಈ ಪ್ರಶ್ನೆಯನ್ನು ಕೇಳಿಕೊಂಡೆ. ಉತ್ತರ ನಮ್ಮ ಮನೆಯಲ್ಲಿಯೇ ಇತ್ತು. ನನ್ನ ಅಜ್ಜ ಮೂಡಿಗೆರೆಯ ಕಡೆ ಅಂಚೆಯ ಹರಿಕಾರರಾಗಿದ್ದವರು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಲೀನವಾಯಿತು. ಆದರೂ ಮಲೆನಾಡಿನ ಕಾಡುದಾರಿಗಳಲ್ಲಿ ಚೀಲ ಹೊತ್ತು ಓಡುವವನ ಕಾಲಿಗೆ ಅದರಿಂದೇನೂ ವಿರಾಮ ಸಿಗಲಿಲ್ಲ. ಗೆಜ್ಜೆ ಕಟ್ಟಿದ ಕೋಲು ಹಿಡಿದು ಒಬ್ಬನು ಒಂದು ಗೊತ್ತಿನವರೆಗೆ ಓಡುವನು; ಅಲ್ಲಿ ಇನ್ನೊಬ್ಬನು ನಿಂತಿರುವನು; ಚೀಲ ಕೈ ಬದಲಾಗುವುದು. ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ನಳದಮಯಂತಿಯರ ನಡುವೆ ಸುದ್ದಿ ಒಯ್ದದ್ದೂ ಹಂಸವೇ. ಎರಡು ಅಂಚೆಗಳೂ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಅಜ್ಜನ ಓಟಕ್ಕೂ ಈ ಸೈಕಲ್ ಪಂದ್ಯಕ್ಕೂ ‘ಅಂಚೆಯ ಓಟ’ ಎಂಬ ಒಂದೇ ಹೆಸರು ಸಾಕೆಂದು ತೋರಿತು. ಅಜ್ಜ ಹೇಳುತ್ತಿದ್ದ ಒಂದು ಮಾತು ಬಾಲ್ಯದಲ್ಲಿ ನನಗೆ ಅರ್ಥವಾಗಿರಲಿಲ್ಲ. ‘ಹುಲಿಗೆ ಹೆದರಿ ಓಡ್ತಿರಲಿಲ್ಲ ಕಣೋ. ಆ ತುದೀಲಿ ಒಬ್ಬ ಕತ್ತಲಲ್ಲಿ ನಿಂತಿರ್ತಾನಲ್ಲ, ಅವನಿಗಾಗಿ ಓಡ್ತಿದ್ದೆ.’

ಇನ್ನು ನಮ್ಮ ಪಂದ್ಯದ ವಿಷಯ. 2023ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಸಮೀಪ, ಗಿರಿಶ್ರೇಣಿಯ ಬುಡದ ಕಾಫಿ ತೋಟವೊಂದರಲ್ಲಿ, ಕೆಲವು ತರುಣರು ಹವ್ಯಾಸಿಗಳಿಗಾಗಿ ಇದನ್ನು ಏರ್ಪಡಿಸಿದ್ದರು. ಏಳು ಕಿಲೋಮೀಟರಿನ ಸುತ್ತು, ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಒಂದು ಸುತ್ತು. ತಂಡದಲ್ಲಿ ಐವತ್ತೈದು ದಾಟಿದವರೊಬ್ಬರೂ ಹದಿನೆಂಟು ತುಂಬದವರೊಬ್ಬರೂ ಇರಲೇಬೇಕೆಂಬುದು ನಿಯಮ. ಆ ನಿಯಮದ ಕೃಪೆಯಿಂದ ನನಗೆ ಬೇಡಿಕೆ ಬಂದಿತು. ಕರೆದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಎರಡನೆಯವರು ನಮ್ಮ ಬೀದಿಯ ಸೈಕಲ್ ಶಾಪಿನ ಸಾಹೇಬರು. ನಾಲ್ಕನೆಯವನು ಸಾಹೇಬರ ತಂಗಿಯ ಮಗ.

ವಿಘ್ನಗಳು ಪಂದ್ಯಕ್ಕೆ ಮೊದಲೇ ಆರಂಭವಾದವು. ಮೂರು ವಾರ ಮುಂಚೆ, ಅಭ್ಯಾಸದ ಹೊತ್ತಿನಲ್ಲಿ, ಒದ್ದೆಯಾಗಿ ಬಿದ್ದಿದ್ದ ಸಿಲ್ವರ್ ಓಕ್ ಎಲೆಗಳ ಮೇಲೆ ನನ್ನ ಮುಂಗಾಲಿ ಜಾರಿತು. ಎಡ ಮಣಿಕಟ್ಟು ಊದಿಕೊಂಡಿತು. ಮೂಳೆ ಮುರಿದಿಲ್ಲವೆಂದು ವೈದ್ಯರು ಹೇಳಿದರೂ ಮನೆಯಾಕೆ ಬಿಡಲಿಲ್ಲ. ‘ಅಲ್ಲಾರೀ, ಮೂವತ್ತನಾಲ್ಕು ವರ್ಷ ಔಚಿತ್ಯ ವಿಚಾರ ಅಂತ ಪಾಠ ಹೇಳಿದಿರಲ್ಲ, ಔಚಿತ್ಯ ಅಂದರೆ ಏನು?’ ಎಂದು ಕೇಳಿದಳು. ಕ್ಷೇಮೇಂದ್ರನಿಗೂ ಇಂಥ ಪ್ರಶ್ನೆ ಎದುರಾಗಿರಲಿಕ್ಕಿಲ್ಲ. ಹತ್ತು ದಿನ ಉಳಿದಿರುವಾಗ ಸಾಹೇಬರ ಸೋದರಳಿಯನಿಗೆ ಡೆಂಗಿ ಜ್ವರ ಬಂತು. ತಂಡವೇ ಮುಗಿಯಿತೆಂದುಕೊಂಡಾಗ ಉಪನ್ಯಾಸಕ ತನ್ನ ತರಗತಿಯ ಒಬ್ಬ ಹುಡುಗಿಯನ್ನು ಕರೆತಂದ. ತಾಯಿ ತೋಟದಲ್ಲಿ ಕಾಫಿ ಕೊಯ್ಯುವವಳು. ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ದಿನವೂ ತೋಟದ ದಾರಿ ಇಳಿದು ಹತ್ತಿ ಕಾಲೇಜಿಗೆ ಬರುವ ಹದಿನೇಳರ ಹುಡುಗಿ. ಗೇರಿನ ಸೈಕಲ್ಲು ತುಳಿದವಳೇ ಅಲ್ಲ. ಸಾಹೇಬರು ತಮ್ಮ ಅಂಗಡಿಯಲ್ಲಿ ಮಾರಾಟಕ್ಕಿದ್ದ ಸೈಕಲ್ಲೊಂದನ್ನು ಅವಳ ಕೈಗಿತ್ತು, ‘ಗೀರು ಬಿದ್ದರೆ ಬೀಳಲಿ ಬೇಟಿ, ಓಡಿಸು’ ಎಂದರು. ಆಕೆಯನ್ನು ಕೊನೆಯ ಸುತ್ತಿಗೆ ಇಟ್ಟುಕೊಂಡೆವು.

ಪಂದ್ಯದ ದಿನ ಬೆಳಿಗ್ಗೆ ಏಳಕ್ಕೆ, ಕಾಫಿ ಒಣಗಿಸುವ ಕಣದಲ್ಲಿ ಹದಿನಾಲ್ಕು ತಂಡಗಳು ಸೇರಿದವು. ಹಿಂದಿನ ರಾತ್ರಿ ಮಳೆ ಸುರಿದಿತ್ತು. ದಾರಿ ಹೀಗಿತ್ತು: ಮೊದಲು ಕಾಫಿ ಗಿಡಗಳ ಸಾಲಿನ ನಡುವೆ ಏರು, ಅನಂತರ ಬಿದಿರು ಮೆಳೆ, ಒಂದು ಹಳ್ಳ, ಹುಲ್ಲುಗಾವಲಿನ ಅಂಚು, ಕೊನೆಗೆ ಕೆಮ್ಮಣ್ಣಿನ ಇಳಿಜಾರು. ಸವಾರನ ಮಣಿಕಟ್ಟಿಗೆ ಹಳದಿ ಬಣ್ಣದ ರಬ್ಬರಿನ ಪಟ್ಟಿ. ಸುತ್ತು ಮುಗಿಸಿ ಕಣಕ್ಕೆ ಬಂದವರು ಅದನ್ನು ಕಳಚಿ ಮುಂದಿನವರಿಗೆ ತೊಡಿಸಬೇಕು. ಹನ್ನೊಂದರ ಮೇಲೆ ತೋಟದ ಟ್ರ್ಯಾಕ್ಟರುಗಳು ಆ ದಾರಿಗೆ ಬರುತ್ತಿದ್ದುದರಿಂದ ಇನ್ನೊಂದು ನಿಯಮವಿತ್ತು: ಕೊನೆಯ ಸವಾರರು ಹತ್ತು ಗಂಟೆಯೊಳಗೆ ಹೊರಡಬೇಕು, ಹತ್ತರ ಅನಂತರ ಯಾರನ್ನೂ ಬಿಡುವುದಿಲ್ಲ.

ನಮ್ಮ ಉಪನ್ಯಾಸಕ ಮೂರನೆಯ ಕಿಲೋಮೀಟರಿನಲ್ಲಿ ಚೈನು ಕಡಿದುಕೊಂಡ. ಚೈನಿನ ಕೀಲನ್ನು ಒತ್ತಿ ತೆಗೆಯುವ ಪುಟ್ಟ ಸಾಧನವೊಂದು ಅವನ ಜೇಬಿನಲ್ಲಿತ್ತು. ಅದರಿಂದ ಹೇಗೋ ಸರಿಪಡಿಸಿಕೊಂಡು, ಕೈಯೆಲ್ಲ ಮಸಿಯಾಗಿ, ಏಳು ಐವತ್ತೈದಕ್ಕೆ ಬಂದ. ಸಾಹೇಬರು ಹಕ್ಕಿಯಂತೆ ಹಾರಿಹೋದರು. ಆದರೆ ಬಿದಿರು ಮೆಳೆಯಲ್ಲಿ ಮುಳ್ಳು ಹೊಕ್ಕಿತು. ‘ಮೂವತ್ತು ವರ್ಷದಿಂದ ಊರಿಗೆಲ್ಲ ಪಂಕ್ಚರು ಹಾಕಿದೆ ಮೇಷ್ಟ್ರೇ, ಇವತ್ತು ನನಗೇ ಹಾಕಿಸಿಕೊಂಡೆ’ ಎನ್ನುತ್ತ ಅವರು ನನ್ನ ಕೈಗೆ ಪಟ್ಟಿ ತೊಡಿಸಿದಾಗ ಎಂಟು ನಲವತ್ತು. ನನ್ನ ಬಳಿ ಎಂಬತ್ತು ನಿಮಿಷಗಳಿದ್ದವು. ಅಭ್ಯಾಸದಲ್ಲಿ ಐವತ್ತೈದರಲ್ಲಿ ಮುಗಿಸಿದ್ದೆ. ನೆಮ್ಮದಿಯಿಂದಲೇ ಹೊರಟೆ. ಜೇಬಿನ ಆ ಪುಟ್ಟ ಸಾಧನವನ್ನು ಕೇಳಿ ಪಡೆಯಬೇಕೆಂದು ನನಗೂ ಹೊಳೆಯಲಿಲ್ಲ, ಕೊಡಬೇಕೆಂದು ಅವನಿಗೂ ಹೊಳೆಯಲಿಲ್ಲ.

ಏರು ಮುಗಿಯುವ ಹೊತ್ತಿಗೆ ಒಂಬತ್ತೂ ಹತ್ತು. ಹಿಂದಿನ ಗಾಲಿಯ ಬಳಿ ಜೋತುಬಿದ್ದು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನವೊಂದಿದೆ. ಸೈಕಲ್ ಶಾಪಿನವರು ಅದನ್ನು ಡಿರೇಲರ್ ಎನ್ನುತ್ತಾರೆ. ಬೆರಳು ಗಾತ್ರದ ಒಂದು ಕಡ್ಡಿ ಎದ್ದು ಅದರೊಳಗೆ ಸಿಕ್ಕಿತು. ನಾನು ಅರಿಯದೆ ಇನ್ನೊಂದು ಸಲ ಪೆಡಲು ತುಳಿದೆ. ಟಕ್ ಎಂದಿತು. ಸಾಧನ ಮುರಿದು ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಚೈನು ಸೋತ ಹಾವಿನಂತೆ ಜೋತುಬಿತ್ತು. ಚೈನನ್ನು ಕಡಿದು ಗಿಡ್ಡ ಮಾಡಿ ಜೋಡಿಸಿದರೆ ಒಂದೇ ಗೇರಿನಲ್ಲಿ ಸಾಗಬಹುದೆಂದು ಸಾಹೇಬರು ಕಲಿಸಿದ್ದರು. ಕಡಿಯುವ ಸಾಧನ ಕಣದಲ್ಲಿ, ಇನ್ನೊಬ್ಬರ ಜೇಬಿನಲ್ಲಿತ್ತು. ಹತ್ತು ನಿಮಿಷ ವ್ಯರ್ಥವಾಗಿ ಹೆಣಗಿದೆ. ಕೊನೆಗೆ ಚೈನನ್ನೂ ಮುರಿದ ಭಾಗವನ್ನೂ ಕರವಸ್ತ್ರದಿಂದ ಸೈಕಲ್ಲಿನ ಕಂಬಿಗೆ ಕಟ್ಟಿದೆ. ಗಾಲಿ ತಿರುಗುವುದೇನೋ ತಿರುಗಿತು. ತುಳಿಯಲು ಮಾತ್ರ ಏನೂ ಉಳಿಯಲಿಲ್ಲ.

ಅಲ್ಲಿ ನಿಂತಿದ್ದ ಸ್ವಯಂಸೇವಕ ಹುಡುಗ ಹತ್ತಿರ ಬಂದು, ‘ಸಾರ್, ಕೆಳಗೆ ಜೀಪಿದೆ. ಕೂತುಕೊಳ್ಳಿ, ಕಣಕ್ಕೆ ಬಿಡ್ತೀವಿ’ ಎಂದ. ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಮಾತು ಅಮೃತದಂತೆ ಕೇಳಿಸಿತು. ಮಣಿಕಟ್ಟು ಸಿಡಿಯುತ್ತಿತ್ತು, ನಾವು ಹೇಗೂ ಕೊನೆಯ ತಂಡ, ಅರವತ್ತೈದರ ಮುದುಕ ಜೀಪು ಹತ್ತಿದರೆ ಯಾರೂ ಆಡಿಕೊಳ್ಳುವುದಿಲ್ಲ. ನನ್ನದೊಂದೇ ಪಂದ್ಯವಾಗಿದ್ದರೆ ಹತ್ತಿಬಿಡುತ್ತಿದ್ದೆ. ಆದರೆ ನಾನು ಜೀಪಿನಲ್ಲಿ ಹೋದರೆ ಕಣದಲ್ಲಿ ನಿಂತ ಹುಡುಗಿಗೆ ಸುತ್ತೇ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಗೀರು ಬೀಳದಂತೆ ಸೈಕಲ್ಲಿನ ಕಂಬಿಗೆ ಹಳೆಯ ಸೀರೆಯ ತುಂಡು ಸುತ್ತಿ ತಂದಿದ್ದವಳು ಅವಳು. ಗಡಿಯಾರ ನೋಡಿದೆ. ನಲವತ್ತು ನಿಮಿಷ, ನಾಲ್ಕು ಕಿಲೋಮೀಟರು. ‘ಬೇಡಪ್ಪ’ ಎಂದೆ.

ಏರು ಬಂದಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಓಡಿದೆ; ನನ್ನ ಓಟವೆಂದರೆ ಬೇರೆಯವರ ನಡಿಗೆ. ಹಳ್ಳದಲ್ಲಿ ಹೆಗಲ ಮೇಲೆ ಹೊತ್ತೆ. ಸಮತಟ್ಟಾದಲ್ಲಿ ಸೀಟಿನ ಮೇಲೆ ಕುಳಿತು ಎರಡೂ ಕಾಲುಗಳಿಂದ ನೆಲವನ್ನು ಒದೆದೆ. ಆಗ ಡ್ರೈಸ್ ನೆನಪಾದ. ಇನ್ನೂರಾರು ವರ್ಷ ಜನ ಈ ವಾಹನಕ್ಕೆ ಸೇರಿಸಿದ್ದೆಲ್ಲವನ್ನೂ ಒಂದು ಕಡ್ಡಿ ಕಿತ್ತುಕೊಂಡು ನನ್ನನ್ನು 1817ಕ್ಕೆ ಒಯ್ದುಬಿಟ್ಟಿತ್ತು. ಕೆಮ್ಮಣ್ಣಿನ ಇಳಿಜಾರಿನಲ್ಲಿ ಬಲಗೈಯ ಬ್ರೇಕೊಂದನ್ನೇ ನಂಬಿ ಇಳಿದೆ. ಎಡಗೈಗೆ ಒತ್ತುವ ಶಕ್ತಿ ಇರಲಿಲ್ಲ. ದಾರಿಯಲ್ಲಿ ಕಾವ್ಯವೂ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ನೆನಪಾದದ್ದು ಅಜ್ಜನ ಮಾತು: ಆ ತುದೀಲಿ ಒಬ್ಬ ನಿಂತಿರ್ತಾನಲ್ಲ.

ಕಣ ತಲುಪಿದಾಗ ಒಂಬತ್ತು ಐವತ್ತೇಳು. ಊದಿದ ಮಣಿಕಟ್ಟಿನಿಂದ ಪಟ್ಟಿ ಕಳಚಲೊಲ್ಲದು. ಹುಡುಗಿ ‘ಕ್ಷಮಿಸಿ ಸಾರ್’ ಎಂದವಳೇ ಒಂದೇ ಎಳೆತಕ್ಕೆ ಎಳೆದುಕೊಂಡಳು. ಕಣ್ಣಿಗೆ ಕತ್ತಲೆ ಕಟ್ಟಿತು. ಕಣ್ಣು ಬಿಟ್ಟಾಗ ಅವಳು ಕಾಫಿ ಸಾಲುಗಳ ನಡುವೆ ಮರೆಯಾಗುತ್ತಿದ್ದಳು.

ಅಲ್ಲಿಗೆ ನನ್ನ ಕಷ್ಟ ಮುಗಿಯಿತೆಂದು ಭಾವಿಸಿದೆ. ನಿಜವಾದದ್ದು ಆಗ ಆರಂಭವಾಯಿತು. ಬೇರೆ ತಂಡಗಳ ಕೆಲಸ ಮುಗಿದಿತ್ತು. ತೋರಣ ಬಿಚ್ಚುತ್ತಿದ್ದರು, ಉಪ್ಪಿಟ್ಟಿನ ಪಾತ್ರೆ ತೊಳೆಯುತ್ತಿದ್ದರು. ನಾವು ಮೂವರು ಕಣದ ಕಟ್ಟೆಯ ಮೇಲೆ ಕುಳಿತು ಕಾಫಿ ಸಾಲುಗಳು ಮುಗಿಯುವ ತಿರುವನ್ನೇ ನೋಡುತ್ತಿದ್ದೆವು. ಹಳ್ಳದ ಬಳಿ ಜಾರುವ ಬಂಡೆಯಿದೆಯೆಂದು ಅವಳಿಗೆ ಹೇಳಿದೆವೇ? ಬ್ರೇಕು ಬಿಗಿ ಮಾಡಿದ್ದೆವೇ? ಸಾಹೇಬರು ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಕೂರುತ್ತಿದ್ದರು. ತುಳಿಯುವವನಿಗೆ ಕೈಕಾಲುಗಳ ಕೆಲಸವಾದರೂ ಇದೆ. ಕಾಯುವವನಿಗೆ ಕಣ್ಣು ಮತ್ತು ಕಲ್ಪನೆ ಮಾತ್ರ.

ಹಾಗೆ ಕುಳಿತಾಗ ನನಗೊಂದು ಹಳೆಯ ಸಂಗತಿ ನೆನಪಾಯಿತು. ಪಕ್ಕದಲ್ಲಿ ಕುಳಿತ ಈ ಉಪನ್ಯಾಸಕ 2004ರಲ್ಲಿ ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ಹಿಡಿದಿದ್ದ. ಮಲೆನಾಡಿನ ಒಗಟುಗಳ ಮೇಲೆ ಎರಡು ಅಧ್ಯಾಯ ಬರೆದು ನನ್ನ ಮೇಜಿನ ಮೇಲಿಟ್ಟ. ನನಗೆ ಆಗ ವಿಚಾರಸಂಕಿರಣಗಳ ಸಡಗರ. ಎಂಟು ತಿಂಗಳು ನಾನು ಅವನ್ನು ಓದಲಿಲ್ಲ. ಅವನು ವಾರಕ್ಕೊಮ್ಮೆ ಬಂದು ಪಡಸಾಲೆಯಲ್ಲಿ ನಿಂತು, ‘ಸಾರ್, ಬಿಡುವಾಯಿತೇ’ ಎಂದು ಕೇಳದೆಯೇ, ಬರಿದೆ ನಮಸ್ಕಾರ ಮಾಡಿ ಹೋಗುತ್ತಿದ್ದ. ಆಮೇಲೆ ಕೆಲಸ ಸಿಕ್ಕಿತು, ಸಂಶೋಧನೆ ನಿಂತಿತು. ಅವನು ನನ್ನನ್ನು ಎಂದೂ ದೂರಲಿಲ್ಲವಾದ್ದರಿಂದ ನಾನು ಅದನ್ನು ತಪ್ಪೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಮೂವತ್ತನಾಲ್ಕು ವರ್ಷ ಚೀಲ ಹೊತ್ತವನೆಂದು ಬೀಗಿದ್ದೆ. ಆ ತುದಿಯಲ್ಲಿ ನಿಂತವರ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ. ಎಂಟು ತಿಂಗಳೆಂದರೆ ಎಷ್ಟು ಎಂಬುದು ಆ ಕಟ್ಟೆಯ ಮೇಲೆ ಮೂವತ್ತು ನಿಮಿಷ ಕಾದ ಮೇಲೆ ತಿಳಿಯಿತು.

‘ನಿನ್ನ ಆ ಅಧ್ಯಾಯಗಳು ಇವೆಯೇನಯ್ಯ?’ ಎಂದೆ. ಅವನು ತುಸು ಹೊತ್ತು ಸುಮ್ಮನಿದ್ದ. ‘ಇವೆ ಸಾರ್. ಅದೆಲ್ಲ ಈಗ ಯಾಕೆ? ಅಗೋ, ಬಂದಳು ನೋಡಿ’ ಎಂದು ಎದ್ದ.

ಹತ್ತು ಮೂವತ್ತನಾಲ್ಕಕ್ಕೆ ಅವಳು ಬಂದಳು. ತೋಳು ಹರಿದಿತ್ತು, ಮೊಣಕೈಯಲ್ಲಿ ರಕ್ತ, ಮುಖವೆಲ್ಲ ಕೆಸರು. ಮೂವತ್ತಾರು ನಿಮಿಷ, ನಮ್ಮ ನಾಲ್ವರಲ್ಲಿ ಬಹಳ ಅಂತರದಿಂದ ಅದೇ ಉತ್ತಮ. ಮೂರು ತಂಡಗಳು ಅರ್ಧಕ್ಕೆ ನಿಂತಿದ್ದವು. ಮುಗಿಸಿದ ಹನ್ನೊಂದರಲ್ಲಿ ನಾವು ಹನ್ನೊಂದನೆಯವರು. ಸಾಹೇಬರು ಮೊದಲು ಅವಳ ಮೊಣಕೈ ತೊಳೆದರು. ಸೈಕಲ್ಲಿಗೆ ಬಿದ್ದ ಗೀರುಗಳನ್ನು ಅವಳೇ ತೋರಿಸಹೊರಟರೆ ಅವರು ನೋಡಲೇ ಇಲ್ಲ. ನಾನು ‘ಬಹಳ ಕಷ್ಟವಾಯಿತೇನಮ್ಮ?’ ಎಂದು ಕೇಳಿದೆ. ಅವಳು ಸುಧಾರಿಸಿಕೊಂಡು ಹೇಳಿದಳು: ‘ತುಳಿಯೋದು ಏನೂ ಅಲ್ಲ ಸಾರ್. ನೀವು ಬರೋವರೆಗೂ ನಿಂತಿದ್ದೆನಲ್ಲ, ಅದೇ ಕಷ್ಟ. ಮುಂದಿನ ಸಲ ನನ್ನನ್ನು ಮೊದಲು ಬಿಡಿ.’

ಹಾಗೆಯೇ ಆಗಲೆಂದೆವು. ಚೈನಿನ ಕೀಲು ತೆಗೆಯುವ ಆ ಸಾಧನ ಈಗ ನಾಲ್ವರ ಜೇಬಿನಲ್ಲಿಯೂ ಇದೆ.

ಮುಂದಿನ ಭಾನುವಾರ ಬೆಳಿಗ್ಗೆ ಉಪನ್ಯಾಸಕ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದ. ಕ್ಯಾರಿಯರಿನಲ್ಲಿ ಹಳದಿಗಟ್ಟಿದ ಕಾಗದದ ಕಟ್ಟು. ನನ್ನ ಎಡಗೈಗೆ ಇನ್ನೂ ಪಟ್ಟಿಯಿದ್ದುದರಿಂದ ಅದನ್ನು ಬಲಗೈಯಲ್ಲಿಯೇ ತೆಗೆದುಕೊಂಡೆ. ಒಂಬತ್ತು ದಿನಗಳಲ್ಲಿ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಹತ್ತನೆಯ ದಿನ ಸಂಜೆ ನಾನೇ ಸೈಕಲ್ಲು ತುಳಿದುಕೊಂಡು ಹೋಗಿ ಅವನ ಮನೆಯ ಬಾಗಿಲು ತಟ್ಟಿದೆ. ಹತ್ತೊಂಬತ್ತು ವರ್ಷ ತಡವಾಗಿತ್ತು. ಬಾಗಿಲು ತೆರೆಯಿತು.